ಗುಡ್ಡದ ಬೂಟು ಮತ್ತು ನನ್ನ ಹೆಬ್ಬೆರಳು

ಮೈಯ ಅಂಗಗಳಲ್ಲಿ ಯಾವುದು ಯಾವಾಗ ಕೈಕೊಡುತ್ತದೆ ಎಂದು ಹೇಳಲು ಬರುವುದಿಲ್ಲ. ಕೆಲವರಿಗೆ ತಮ್ಮ ನಾಲಿಗೆಯ ಮೇಲೆ ನಂಬಿಕೆ ಇಲ್ಲ, ಕೆಲವರಿಗೆ ಮೊಣಕಾಲಿನ ಮೇಲೆ. ನನ್ನ ಸಹೋದ್ಯೋಗಿಯೊಬ್ಬರು ಮದುವೆಯ ಊಟಕ್ಕೆ ಹೊರಟಾಗ ತಮ್ಮ ಹೊಟ್ಟೆಯ ಬಗ್ಗೆ, ಯಾರೋ ದೂರದ ಸಂಬಂಧಿಕನ ಬಗ್ಗೆ ಮಾತಾಡುವ ಧಾಟಿಯಲ್ಲಿ, "ಅದರ ಭರವಸಾ ಇಲ್ರಿ" ಎನ್ನುತ್ತಾರೆ. ನನಗೆ ಭರವಸೆ ಇಲ್ಲದಿರುವುದು ನನ್ನ ಬಲಗೈ ಹೆಬ್ಬೆರಳಿನ ಮೇಲೆ. ನೋಡಲು ಪಾಪದ ಬೆರಳು. ಉಗುರು ಸ್ವಲ್ಪ ಚಪ್ಪಟೆ, ಒಂದು ಕಡೆ ಮಸಿಯ ಕಲೆ, ಅಷ್ಟೇ. ಆದರೆ ಒಂದು ಶನಿವಾರ ಬೆಳಿಗ್ಗೆ ಹನ್ನೊಂದೂವರೆಯ ಸುಮಾರಿಗೆ, ನಮ್ಮ ಮಾವನವರು ಉಸಿರು ಸಿಗದೆ ಒದ್ದಾಡುತ್ತಿದ್ದಾಗ ಈ ಬೆರಳು ಏನು ಮಾಡಿತು ಎಂಬುದನ್ನು ನಾನು ಇವತ್ತಿಗೂ ದಿನಕ್ಕೆ ಒಂದೆರಡು ಸಲ ನೆನೆಸಿಕೊಂಡು ಬೆವರುತ್ತೇನೆ. ಅದನ್ನು ಹೇಳಬೇಕಾದರೆ ಮೊದಲು ಉಪ್ಪಿನ ಕತ್ತೆಯ ವಿಷಯ ಹೇಳಬೇಕು.

ನಾನು ಹಾವೇರಿಯಲ್ಲಿ ಕಾಲೇಜು ಓದುತ್ತಿದ್ದಾಗ ಒಂದು ಭಾನುವಾರ ಮಧ್ಯಾಹ್ನ ನಾನಿದ್ದ ಬಾಡಿಗೆ ಖೋಲಿಯ ಮಾಲಕರ ಮನೆಯ ಟಿವಿಯಲ್ಲಿ ಒಂದು ಚಿತ್ರ ಬಂತು. ಯಾವ ದೇಶದ್ದೋ ಗೊತ್ತಿಲ್ಲ. ಗಾಜಿನ ಮೇಲೆ ಮರಳು ಹರಡಿ ಬೆರಳಿನಿಂದ ಬರೆದ ಚಿತ್ರ, ಮಾತಿಲ್ಲ. ಉಪ್ಪಿನಿಂದ ಮಾಡಿದ ಒಂದು ಕತ್ತೆ ಹೊಳೆ ದಾಟಬೇಕು. ಆಚೆ ದಡದಲ್ಲಿ ಯಾರೋ ಅದನ್ನು ಕರೆಯುತ್ತಿದ್ದಾರೆ. ಕತ್ತೆಗೆ ತಾನು ಕರಗುತ್ತೇನೆಂದು ಗೊತ್ತು. ಆದರೂ ಇಳಿಯುತ್ತದೆ. ಗೊರಸು ಕರಗಿತು, ಮೊಣಕಾಲು ಕರಗಿತು, ನೀರು ಹೊಟ್ಟೆಯ ಮಟ್ಟಕ್ಕೆ ಬಂತು, ಕರೆಂಟ್ ಹೋಯಿತು. ಮಾಲಕರು "ಹೋತು" ಎಂದು ಎದ್ದು ಎಮ್ಮೆಗೆ ನೀರು ಕುಡಿಸಲು ಹೋದರು. ನಾನು ಕಪ್ಪು ಪರದೆಯ ಮುಂದೆ ಒಂದು ತಾಸು ಕುಳಿತೆ. ಕತ್ತೆ ಆಚೆ ಮುಟ್ಟಿತೋ ಇಲ್ಲವೋ? ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದವು ಎನ್ನುವುದು ಮರೆತಿದ್ದೇನೆ. ಕತ್ತೆಯನ್ನು ಮರೆಯಲಿಲ್ಲ. ವರ್ಷಗಟ್ಟಲೆ ಮಳೆಗಾಲದಲ್ಲಿ ತುಂಗಭದ್ರೆಯನ್ನು ಕಂಡಾಗಲೆಲ್ಲ ನನಗೆ ಆ ಕತ್ತೆ ನೆನಪಾಗುತ್ತಿತ್ತು. ಅಂದಿನಿಂದ ಯಾವುದೇ ಚಿತ್ರವನ್ನು ಅರ್ಧಕ್ಕೆ ಬಿಟ್ಟು ಏಳಲು ನನ್ನಿಂದ ಆಗುವುದಿಲ್ಲ. ಹೆಬ್ಬೆರಳು ಕೆಟ್ಟದ್ದು ಅಲ್ಲಿಂದಲೇ ಇರಬೇಕು.

ಮುಂದೆ ನನಗೆ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಒದ್ದೆ ಕಾಗದದ ಮೇಲೆ ಬೀಜಗಳನ್ನು ಸಾಲಾಗಿ ಇಟ್ಟು, ಸುರುಳಿ ಸುತ್ತಿ, ದಿನಾ ಬೆಳಿಗ್ಗೆ ಬಿಚ್ಚಿ ಮೊಳಕೆ ಎಷ್ಟು ಬಂದಿದೆ ಎಂದು ನೋಡಿ ಮತ್ತೆ ಸುತ್ತಿಡುವುದು. ಬೇರೆಯವರಿಗೆ ಬೇಸರದ ಕೆಲಸ. ನನಗೆ ಮಾತ್ರ ಅದು ಸಿನಿಮಾ. ಸೋಮವಾರ ಬಿಳಿ ಚುಕ್ಕೆ, ಮಂಗಳವಾರ ಬಾಲ, ಬುಧವಾರ ಬಾಲ ಕೊಂಕುತ್ತದೆ. ಈ ಬೊಂಬೆಚಿತ್ರ, ಮಣ್ಣಿನ ಚಿತ್ರ ಮಾಡುವವರೂ ಹೀಗೆಯೇ ಅಲ್ಲವೇ? ಬೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತಷ್ಟು ಸರಿಸಿ ಇನ್ನೊಂದು. ಒಂದು ಬೊಂಬೆ ಒಂದು ಸಲ ತಲೆ ಕೆರೆದುಕೊಳ್ಳಲು ಅವರಿಗೆ ಇಡೀ ದಿನ ಬೇಕಂತೆ. ನಮ್ಮ ಆಫೀಸಿನಲ್ಲಿ ಕೆಲವರು ಬೊಂಬೆಯ ನೆರವಿಲ್ಲದೆಯೇ ಅದೇ ಕೆಲಸಕ್ಕೆ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತಾರೆ, ಅದು ಬೇರೆ ಮಾತು.

ಆಗ ಸಿಡಿಗಳ ಕಾಲ. ಬಸ್ ನಿಲ್ದಾಣದ ಹಿಂದೆ ರಫೀಕನ ಸಿಡಿ ಅಂಗಡಿ. ಅವನು ಒಮ್ಮೆ ಹುಬ್ಬಳ್ಳಿಯಿಂದ ಮಕ್ಕಳ ಕಾರ್ಟೂನು ಎಂದು ಒಂದು ಪೆಟ್ಟಿಗೆ ಸಿಡಿ ತಂದ. ಮೇಲೆ ಚಿತ್ರವಿಲ್ಲ, ಹೆಸರಿಲ್ಲ. ಒಯ್ದವರೆಲ್ಲ ಮರುದಿನವೇ ಮರಳಿ ತಂದು ಬೈದು ಹೋದರು. ರಫೀಕ ಶಿಸ್ತಿನ ಮನುಷ್ಯ. ಗಿರಾಕಿಗಳ ಬೈಗುಳವನ್ನೇ ಸಿಡಿಗಳಿಗೆ ಹೆಸರಾಗಿ ಕಪ್ಪು ಪೆನ್ನಿನಿಂದ ಬರೆದಿಟ್ಟ. 'ಹುಡುಗರು ಅಳತಾವ.' 'ಮಾತಿಲ್ಲ.' 'ತಿಳಿಯಂಗಿಲ್ಲ 1.' 'ತಿಳಿಯಂಗಿಲ್ಲ 2.' ಹೀಗೆ ಆರರವರೆಗೆ.

"ಇವನ್ನ ಒಯ್ಯಬ್ಯಾಡ್ರಿ ಸರ, ನೀವು ಓದಿದ ಮಂದಿ" ಎಂದ, ನಾನು ಪೆಟ್ಟಿಗೆಗೆ ಕೈ ಹಾಕಿದಾಗ.

"ಯಾಕ, ಏನೈತಿ ಇದರಾಗ?"

"ಅದ ಯಾರಿಗೂ ಗೊತ್ತಿಲ್ರಿ. ಮಾಸ್ತರ್ ಒಬ್ರು ಒಯ್ದಿದ್ರು. ಮರುದಿನ ಬಂದು ಏನೂ ಮಾತಾಡ್ಲಿಲ್ಲ, ನನ್ನ ಮಾರಿ ನೋಡಿದ್ರು, ಸಿಡಿ ಇಟ್ರು, ಹೋದ್ರು."

ಚಿತ್ರಗಳಿಗೆ ಇದಕ್ಕಿಂತ ಒಳ್ಳೆಯ ಶಿಫಾರಸು ನಾನು ಇದುವರೆಗೆ ಕೇಳಿಲ್ಲ. ಓದುಗರಲ್ಲಿ ಯಾರಿಗಾದರೂ ಇಂಥ ಚಿತ್ರಗಳನ್ನು ಹುಡುಕುವ ಆಸೆಯಿದ್ದರೆ ನನ್ನ ಸಲಹೆ ಇಷ್ಟೇ. ಹೊಗಳಿಕೆ ಓದಬೇಡಿ, ಬೈಗುಳ ಓದಿ. ಎಲ್ಲಿ ಗಿರಾಕಿ ಸಿಟ್ಟಿನಿಂದ "ತಿಳಿಯಂಗಿಲ್ಲ" ಎಂದಿದ್ದಾನೋ ಅಲ್ಲಿ ಕೈ ಹಾಕಿ. 'ತಿಳಿಯಂಗಿಲ್ಲ 1' ಎನ್ನುವುದರಲ್ಲಿ ಒಬ್ಬ ಗುಮಾಸ್ತ ಇದ್ದಾನೆ. ಅವನ ಹೊಟ್ಟೆಗೆ ಒಂದು ಕಿಟಕಿ, ಒಳಗೆ ನೀರು, ನೀರಿನಲ್ಲಿ ಒಂದು ಕೆಂಪು ಮೀನು. ಸಾಹೇಬ ಬೈದಾಗಲೆಲ್ಲ ಮೀನು ಮೂಲೆಗೆ ಹೋಗಿ ಮುಖ ತಿರುಗಿಸಿ ನಿಲ್ಲುತ್ತದೆ. 'ಹುಡುಗರು ಅಳತಾವ' ಎನ್ನುವುದರಲ್ಲಿ ಒಬ್ಬ ಮುದುಕಿ ಉಣ್ಣೆಯಿಂದ ಮನೆಯನ್ನೇ ಹೆಣೆದುಕೊಂಡಿದ್ದಾಳೆ, ಗೋಡೆ, ಒಲೆ, ಬೆಕ್ಕು ಎಲ್ಲ ಉಣ್ಣೆ. ಒಂದು ದಿನ ಹಾದುಹೋಗುವ ರೈಲಿಗೆ ದಾರದ ತುದಿ ಸಿಕ್ಕಿ ಮನೆ ಬಿಚ್ಚುತ್ತ ಹೋಗುತ್ತದೆ. ಮುದುಕಿ ಹೊಲದಲ್ಲಿ ಸೂಜಿ ಹಿಡಿದು, ರೈಲು ಮರಳಿ ಬರುವುದನ್ನು ಕಾಯುತ್ತ ಕೂರುತ್ತಾಳೆ. ಹುಡುಗರು ಅಳುವುದು ಇರಲಿ, ನಾನೇ ಕನ್ನಡಕ ಒರೆಸಿಕೊಂಡೆ. ಇನ್ನು 'ತಿಳಿಯಂಗಿಲ್ಲ 2' ಹಾಕಿದಾಗ ಗಾಜಿನ ಮೇಲೆ ಮರಳು ಸರಿಯಿತು, ಎರಡು ಕಿವಿ ಮೂಡಿದವು, ನಾನು ಕುರ್ಚಿಯಿಂದ ಎದ್ದು ನಿಂತೆ. ಕತ್ತೆ! ಹಾವೇರಿಯ ಹೊಳೆಯ ನಡುವೆ ಬಿಟ್ಟುಹೋಗಿದ್ದ ನನ್ನ ಕತ್ತೆ. ಅದು ಆಚೆ ಮುಟ್ಟುತ್ತದೆ. ಆದರೆ ಮುಟ್ಟುವ ಹೊತ್ತಿಗೆ ಎರಡು ಕಿವಿಗಳಷ್ಟೇ ಉಳಿದಿರುತ್ತವೆ.

ನನಗಿದ್ದ ದುಃಖ ಒಂದೇ. ಈ ಕಿವಿಗಳ ಬಗ್ಗೆ ಮಾತಾಡಲು ಮನೆಯಲ್ಲಿ ಯಾರೂ ಇರಲಿಲ್ಲ. ನನ್ನ ಹೆಂಡತಿ ಗಿರಿಜಾ ಪ್ರಾಥಮಿಕ ಶಾಲೆಯ ಶಿಕ್ಷಕಿ. "ದಿನಾ ನಲವತ್ತು ಹುಡುಗ್ರ ಮಾರಿ ನೋಡಿ ಬಂದೇನ್ರಿ, ನನಗ ಮತ್ತ ಕಾರ್ಟೂನ್ ಬ್ಯಾಡ" ಎನ್ನುತ್ತಿದ್ದಳು. ಹಗಲು ಬೆಳಕಿನಲ್ಲಿ ಪರದೆ ಸರಿಯಾಗಿ ಕಾಣುವುದಿಲ್ಲವೆಂದು ನಾನು ಕೋಣೆಯ ಎರಡೂ ಕಿಟಕಿಗಳಿಗೆ ಮೈದಾ ಅಂಟು ಕುದಿಸಿ ಹಳೇ ಪೇಪರು ಬಡಿದೆ. ಸಂದಿಗೊಂದಿಯನ್ನೂ ಬಿಡದೆ ಬಡಿದೆ. ಈ ಮಾತನ್ನು ಓದುಗರು ನೆನಪಿಡಬೇಕು. ಇಲ್ಲಿ ಅಪರಾಧಿ ಹೆಬ್ಬೆರಳು ಒಂದೇ ಅಲ್ಲ.

ಆ ಹೊತ್ತಿಗೆ ಬಂದವರು ಮಾವನವರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ನಲವತ್ತು ವರ್ಷ ಮೆಣಸಿನಕಾಯಿಯ ಧೂಳಿನಲ್ಲಿ ಕುಳಿತು ಕುಳಿತು ದಮ್ಮು ಹತ್ತಿಕೊಂಡಿತ್ತು. ಮಾತಿನ ನಡುವೆ ಎದೆಯೊಳಗೆ ಪೀಪಿ ಊದಿದಂತೆ ಸದ್ದು ಬರುತ್ತಿತ್ತು. ಒಂದು ತಿಂಗಳು ಮೆಣಸಿನಕಾಯಿಯ ಗಾಳಿಯೂ ಸೋಕಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಬ್ಯಾಡಗಿಯಲ್ಲಿದ್ದುಕೊಂಡು ಇದನ್ನು ಪಾಲಿಸುವುದು ಹೊಳೆಯಲ್ಲಿ ಕುಳಿತು ಒಣಗಿದ ಹಾಗೆ. ಆದ್ದರಿಂದ ಅತ್ತಿಯವರನ್ನು ಕರೆದುಕೊಂಡು ರಾಣೆಬೆನ್ನೂರಿಗೆ, ನಮ್ಮಲ್ಲಿಗೆ ಬಂದರು. ಗಿರಿಜಾ ಮನೆಯಲ್ಲಿದ್ದ ಮೆಣಸಿನಕಾಯಿ, ಖಾರಪುಡಿ, ಮಸಾಲೆಯ ಡಬ್ಬಿ ಎಲ್ಲವನ್ನೂ ಗಂಟು ಕಟ್ಟಿ ಗುತ್ತಲದ ತನ್ನ ಗೆಳತಿಯ ಮನೆಗೆ ಕಳಿಸಿಬಿಟ್ಟಳು. ಪಲ್ಯಕ್ಕೆ ಕಾಳುಮೆಣಸು ಬಂತು. ಮೊದಲ ದಿನದ ಊಟಕ್ಕೆ ಮಾವನವರು ರೊಟ್ಟಿ ಮುರಿದು, ಬಿಳಿಚಿಕೊಂಡ ಬದನೆಕಾಯಿಯನ್ನು ಬಹಳ ಹೊತ್ತು ನೋಡಿ, "ಇದಕ್ಕೂ ಆರಾಮಿಲ್ಲೇನವಾ?" ಎಂದು ಮಗಳನ್ನು ಕೇಳಿದರು.

ಮೂರು ದಿನದಲ್ಲಿ ಅವರು ಬೇಸರದಿಂದ ನಮ್ಮ ಮನೆಯ ಹಂಚುಗಳನ್ನು ಎಣಿಸಿ ಮುಗಿಸಿದರು. ನಾಲ್ಕನೆಯ ದಿನ ನಾನು ಹೆದರುತ್ತಲೇ 'ಮಾತಿಲ್ಲ' ಸಿಡಿ ಹಾಕಿದೆ. ಒಂದು ಊರಿನಲ್ಲಿ ಆಕಾಶದಿಂದ ಚಮಚಗಳ ಮಳೆ. ಊರವರೆಲ್ಲ ತಲೆಯ ಮೇಲೆ ಪಾತ್ರೆ ಬೋರಲು ಹಾಕಿಕೊಂಡು ಓಡುತ್ತಾರೆ. ಒಬ್ಬಳ ಅಂಗಳದಲ್ಲಿ ಮಾತ್ರ ಒಂದೂ ಬೀಳುವುದಿಲ್ಲ. ಮಾವನವರು ಕಣ್ಣು ಮಿಟುಕಿಸದೆ ನೋಡಿದರು. ಮುಗಿದ ಮೇಲೆ ನಾನು, "ತಿಳೀತ್ರಿ ಮಾವ?" ಎಂದೆ.

"ತಿಳೀಲಾರದ್ದು ಏನೈತ್ರಿ ಅಳಿಯಂದ್ರ? ಮಂದಿ ಬ್ಯಾಡ ಅಂತ ಓಡಾಕತ್ತಾರ, ಆಕಿ ಬೇಕು ಅಂತ ನಿಂತಾಳ. ಬ್ಯಾಡ ಅಂದವರ ತಲಿ ಮ್ಯಾಲ ಬೀಳತೈತಿ. ನಮ್ಮ ಪ್ಯಾಟ್ಯಾಗ ದಿನಾ ನೋಡತೇನಿ."

"ಮಾತಿಲ್ಲಲ್ರಿ, ಅದಕ್ಕ ಮಂದಿಗೆ ಬ್ಯಾಸರಾಗತೈತಿ."

ಮಾವನವರು ನಕ್ಕರು. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಯ ಮೇಲೆ ಹಾಕಿ, ಅದರ ಕೆಳಗೆ ನನ್ನ ಬೆರಳುಗಳನ್ನು ಹಿಡಿದರು. "ನಾ ಸಣ್ಣವ ಇದ್ದಾಗ ನಮ್ಮಪ್ಪ ಹಿಂಗ ವ್ಯಾಪಾರ ಮಾಡತಿದ್ದ. ಈಗ ದರಾ ಚೀಟಿಯಾಗ ಬರದು ಹಾಕ್ತಾರ. ಆವಾಗ ಎಲ್ಲಾ ಟವೆಲ್ ಕೆಳಗ. ಮ್ಯಾಲ ಮಾರಿ ನೋಡಿದ್ರ ಇಬ್ರೂ ಮಳಿ ಬಗ್ಗೆ ಮಾತಾಡಾಕತ್ತಾರ ಅನ್ನಬೇಕು. ಕೆಳಗ ಬೆರಳು ಜಗಳಾ ಆಡತಿದ್ವು. ಮಾತು ಯಾಕ ಬೇಕ್ರಿ?"

ಇಡೀ ಜಿಲ್ಲೆಯಲ್ಲಿ ಒಬ್ಬರು ಸಿಕ್ಕಿದ್ದರು, ಅವರೂ ನನ್ನ ಮಾವನೇ ಆಗಿದ್ದರು. ಆಮೇಲೆ ದಿನಾ ಸಂಜೆ ನಾನು ಪ್ರಯೋಗಾಲಯದಿಂದ ಬರುವುದನ್ನು ಕಾಯುತ್ತ ಕೂರುತ್ತಿದ್ದರು. ಉಣ್ಣೆಯ ಮುದುಕಿಯನ್ನು ನೋಡಿ, "ದಾರ ಛಲೋ ಐತಿ, ಆದ್ರ ಗಂಟು ಹಾಕಬೇಕಿತ್ತು" ಎಂದರು. ಹೊಟ್ಟೆಯಲ್ಲಿ ಮೀನಿದ್ದ ಗುಮಾಸ್ತನನ್ನು ನೋಡಿ ತಮ್ಮ ಅಂಗಡಿಯ ಲೆಕ್ಕ ಬರೆಯುವವನನ್ನು ನೆನೆದು, "ಪಾಪ, ನಾ ಅವಗ ಭಾಳ ಬೈದೇನಿ" ಎಂದರು. ಉಪ್ಪಿನ ಕತ್ತೆ ಮುಗಿದಾಗ "ಕಿವಿ ಉಳದಾವಲ್ಲ. ಕರದವರ ಧ್ವನಿಯರ ಕೇಳಸ್ತೈತಿ ಅದಕ್ಕ" ಎಂದರು. ನಾನು ಇಷ್ಟು ವರ್ಷ ಆ ಕತ್ತೆಯ ಬಗ್ಗೆ ಯೋಚಿಸಿದ್ದೆ. ನನಗೆ ಇದು ಹೊಳೆದಿರಲಿಲ್ಲ.

ಅತ್ತಿಯವರಿಗೆ ಮಾತ್ರ ಇದು ಸರಿಬರಲಿಲ್ಲ. ಅವರು ಅಳಿಯನ ಎದುರು ನೇರ ಮಾತಾಡುವವರಲ್ಲ. ಹೇಳಬೇಕಾದದ್ದನ್ನು ಬಾಗಿಲಿಗೆ ಒರಗಿ, ಬಾಗಿಲಿಗೇ ಹೇಳುತ್ತಿದ್ದರು. "ನಲವತ್ತು ವರ್ಷ ಈ ಮನಷ್ಯಾ ಊಟಕ್ಕ ಕುಂತ್ರ ಒಂದ ಸಲ ಸುಮ್ನ ಉಂಡವ ಅಲ್ಲ. ಈಗ ಮಾತಿಲ್ಲ ಕತಿಯಿಲ್ಲ. ತಮ್ಮಷ್ಟಕ್ಕ ತಾವ ನಗತಾರ. ನಿನ್ನಿ ಬದನಿಕಾಯಿಗೆ ಕಿವಿ ಐತೇನು ಅಂತ ತಿರುವಿ ತಿರುವಿ ನೋಡಿದ್ರು. ಯಾರದೋ ದೃಷ್ಟಿ ಆಗೇತಿ."

ಇಲ್ಲಿ ಬ್ಯಾಡಗಿಯ ದೃಷ್ಟಿಯ ಬಗ್ಗೆ ಎರಡು ಮಾತು ಹೇಳಬೇಕು. ದೃಷ್ಟಿ ತೆಗೆಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಉಪ್ಪು, ಒಣ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೈಸುತ್ತ ಇಳಿಸಿ ಕೆಂಡಕ್ಕೆ ಹಾಕಬೇಕು. ಮೂಗಿಗೆ ಘಾಟು ಬಡಿದರೆ ದೃಷ್ಟಿ ಇಲ್ಲ. ಘಾಟು ಬರದಿದ್ದರೆ ದೃಷ್ಟಿ ಆಗಿತ್ತು, ಈಗ ಹೋಯಿತು. ಆದರೆ ಬ್ಯಾಡಗಿ ಮೆಣಸಿನಕಾಯಿಯ ಹೆಸರು ಇರುವುದೇ ಬಣ್ಣಕ್ಕೆ. ಕಣ್ಣಿಗೆ ಕೆಂಪು, ನಾಲಿಗೆಗೆ ಸೌಮ್ಯ. ಅತ್ತಿಯವರ ಮನೆಯ ನಡುವೆ ತೆರೆದ ಅಂಗಳ ಬೇರೆ. ಹೀಗಾಗಿ ನಲವತ್ತು ವರ್ಷದಲ್ಲಿ ಅವರ ಮನೆಯಲ್ಲಿ ಘಾಟು ಎದ್ದ ದಾಖಲೆಯೇ ಇಲ್ಲ. ತೆಗೆದಷ್ಟು ಸಲವೂ ದೃಷ್ಟಿ ಆಗಿಯೇ ಇತ್ತು! ಪ್ರತಿ ಸಲವೂ ಅತ್ತಿಯವರು, "ನೋಡಿದ್ರಿಲ್ಲೋ, ಎಷ್ಟ ದೃಷ್ಟಿ ಇತ್ತು" ಎನ್ನುತ್ತಿದ್ದರು. ಮುಂದಿನ ಸಲ ಎರಡು ಕಾಯಿ ಹೆಚ್ಚು ಹಾಕುತ್ತಿದ್ದರು. ಹೀಗೆ ಹೆಚ್ಚುತ್ತ ಹೆಚ್ಚುತ್ತ, ನಮ್ಮ ಮನೆಗೆ ಬರುವ ಹೊತ್ತಿಗೆ ಅವರ ಅಳತೆ ಎರಡು ಕೈ ತುಂಬಿ ಬೊಗಸೆಯಾಗಿತ್ತು. ದಮ್ಮು ಇದ್ದ ಗಂಡನ ಮುಂದೆ ಮೆಣಸಿನಕಾಯಿ ಸುಡಬಾರದು ಎಂಬುದು ಅವರಿಗೆ ಹೊಳೆಯಲಿಲ್ಲವೇ ಎಂದು ಕೇಳಬೇಡಿ. ಡಾಕ್ಟರು ಹೇಳಿದ್ದು ಧೂಳಿಗೆ. ದೃಷ್ಟಿಯ ಮೆಣಸಿನಕಾಯಿ ಅವರ ಲೆಕ್ಕದಲ್ಲಿ ಔಷಧ.

ಆ ಶನಿವಾರ ನನಗೆ ರಜೆ. ಗಿರಿಜಾ ಬೆಳಗಿನ ಶಾಲೆಗೆ ಹೋಗಿದ್ದಳು. ನಾನೂ ಮಾವನವರೂ ಕೋಣೆ ಸೇರಿ ಬಾಗಿಲು ಮುಂದಕ್ಕೆ ಮಾಡಿ 'ತಿಳಿಯಂಗಿಲ್ಲ 4' ಹಾಕಿದೆವು. ಪೆಟ್ಟಿಗೆಯ ರತ್ನ ಅದು. ಒಂದು ಗುಡ್ಡಕ್ಕೆ ಬೆಳಿಗ್ಗೆ ಎಚ್ಚರವಾಗುತ್ತದೆ. ನೋಡಿಕೊಂಡರೆ ಒಂದು ಕಾಲಿಗೆ ಬೂಟಿದೆ, ಇನ್ನೊಂದಕ್ಕೆ ಇಲ್ಲ. ಮಣ್ಣಿನ ಗುಡ್ಡ, ಮೈತುಂಬ ಸಣ್ಣ ಸಣ್ಣ ಗಿಡ, ತಲೆಯ ಮೇಲೆ ಎರಡು ಕುರಿ. ಅದು ಮೆಲ್ಲಗೆ ಎದ್ದು, ಕುರಿ ಬೀಳದಂತೆ ತಲೆ ನೆಟ್ಟಗೆ ಇಟ್ಟುಕೊಂಡು, ತನ್ನ ಬೂಟು ಹುಡುಕುತ್ತ ಊರಿಂದೂರಿಗೆ ಹೋಗುತ್ತದೆ. ಚಪ್ಪಲಿ ಹೊಲಿಯುವ ಒಬ್ಬ ಮುದುಕನ ಎದುರು ಮಂಡಿಯೂರಿ ಕುಳಿತು ಬರಿಗಾಲು ತೋರಿಸುತ್ತದೆ. ಮುದುಕ ಆ ಕಾಲನ್ನು ಅಳೆಯಲು ಹೊರಟು ಹಗ್ಗ ಸಾಲದೆ, ತನ್ನ ರುಮಾಲು ಬಿಚ್ಚುತ್ತಾನೆ.

"ರುಮಾಲೂ ಸಾಲಂಗಿಲ್ಲ ನೋಡ್ರಿ" ಎಂದರು ಮಾವನವರು, ಮುಂದಕ್ಕೆ ಬಾಗಿ.

ಆಗ ಬಾಗಿಲು ತೆರೆದು ಅತ್ತಿಯವರು ಬಂದರು. ಒಂದು ಕೈಯಲ್ಲಿ ಬಚ್ಚಲ ಒಲೆಯ ಕೆಂಡ ತುಂಬಿದ ಕಬ್ಬಿಣದ ಬುಟ್ಟಿ, ಇನ್ನೊಂದು ಕೈಯಲ್ಲಿ ಸೆರಗಿನ ತುಂಬ ಏನೋ. ಕಾಲ ಹೆಬ್ಬೆರಳಿನಿಂದ ಬಾಗಿಲು ಮತ್ತೆ ಮುಂದಕ್ಕೆ ಮಾಡಿದರು, ದೃಷ್ಟಿ ಹೊರಗೆ ಹೋಗಿ ಅಕ್ಕಪಕ್ಕದವರಿಗೆ ತಾಗಬಾರದಲ್ಲ. "ಏಳೂದ ಬ್ಯಾಡ್ರಿ, ಕುಂತಲ್ಲೇ ಕುಂದ್ರಿ" ಎಂದು ಗಂಡನಿಗೆ ಹೇಳಿ, ಬುಟ್ಟಿ ಕೆಳಗಿಟ್ಟು, ಸೆರಗಿನಲ್ಲಿದ್ದುದನ್ನು ಬೊಗಸೆಗೆ ತುಂಬಿಕೊಂಡು ಅವರ ಸುತ್ತ ಮೂರು ಸಲ ಇಳಿಸಿದರು. ನನ್ನ ಸುತ್ತ ಮೂರು ಸಲ. ಆಮೇಲೆ ಟಿವಿಯ ಸುತ್ತವೂ ಮೂರು ಸಲ. ಗುಡ್ಡದ ಮೈಮೇಲೆ ಅವರ ಸೆರಗಿನ ನೆರಳು ಹಾದುಹೋಯಿತು. ನಾನು ಮುದುಕನ ರುಮಾಲು ನೋಡುತ್ತಿದ್ದೆ. ಮನೆಯಲ್ಲಿ ಮೆಣಸಿನಕಾಯಿ ಇಲ್ಲವಲ್ಲ, ಇವರಿಗೆ ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿ ಬರಲಿಲ್ಲ. ಪಕ್ಕದ ಮನೆಯ ಶಾಂತವ್ವ ವರ್ಷದ ಖಾರಕ್ಕೆಂದು ತರಿಸಿದ್ದ ಗುಂಟೂರು ಕಾಯಿ ಅದು, ಬ್ಯಾಡಗಿಗಿಂತ ಎಷ್ಟೋ ಪಾಲು ಖಾರ.

ಬೊಗಸೆ ಕೆಂಡಕ್ಕೆ ಬಿತ್ತು.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಗಾಳಿಗೇ ಹಲ್ಲು ಬಂದ ಹಾಗೆ ಗಂಟಲು ಕಚ್ಚಿತು. ಅತ್ತಿಯವರ ಮುಖ ಅರಳಿತು. ಜೀವಮಾನದಲ್ಲಿ ಮೊದಲ ಸಲ ಅವರ ಮೂಗಿಗೆ ಘಾಟು ಬಡಿದಿತ್ತು. "ಘಾಟು ಬಂತು! ದೃಷ್ಟಿ ಇಲ್ಲ! ನಮ್ಮ ಮನಿಯವ್ರಿಗೆ ದೃಷ್ಟಿ ಇಲ್ಲ!" ಎಂದು ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ಖುಷಿಯಿಂದ ಕೂಗಿದರು. ಅಷ್ಟರಲ್ಲಿ ಮಾವನವರು ಎದೆ ಹಿಡಿದುಕೊಂಡು ಬಾಯಿ ತೆರೆದರು. ಉಸಿರು ಒಳಗೆ ಹೋಗಲಿಲ್ಲ. ಪೀಪಿಯ ಸದ್ದೂ ಇಲ್ಲ. ಆ ಸದ್ದು ಇದ್ದಷ್ಟು ದಿನ ಪಾಪ ಎನಿಸುತ್ತಿತ್ತು, ಅದು ನಿಂತಾಗಲೇ ಭಯ ಏನೆಂದು ಗೊತ್ತಾದದ್ದು. ತುಟಿ ನೀಲಿಗೆ ತಿರುಗತೊಡಗಿತು. ಅವರು ನನ್ನ ಕಡೆ ನೋಡಿದರು.

ನಾನು ಏನು ಮಾಡಿದೆ? ಕುರ್ಚಿಯ ಕೈಮೇಲಿದ್ದ ರಿಮೋಟ್ ಎತ್ತಿದೆ. ಟಿವಿಯ ಕಡೆ ಹಿಡಿದೆ. ಹೆಬ್ಬೆರಳಿನಿಂದ ಒತ್ತಿ ಚಿತ್ರ ನಿಲ್ಲಿಸಿದೆ. ನಿಂತಿತೋ ಇಲ್ಲವೋ ನೋಡಿದೆ. ನಿಂತಿತ್ತು, ಗುಡ್ಡದ ಬರಿಗಾಲು ಮುದುಕನ ಮಡಿಲಲ್ಲಿ. ರಿಮೋಟ್ ಇಟ್ಟೆ. ಆಮೇಲೆ ಎದ್ದೆ.

ಒಟ್ಟು ಎರಡು ಸೆಕೆಂಡೋ ಮೂರೋ. ನನ್ನ ತಲೆಯೊಳಗಿನ ಪರದೆಯ ಮೇಲೆ ಅದು ಒಂದೊಂದೇ ಚೌಕಟ್ಟಾಗಿ ಓಡುತ್ತದೆ. ಕೈ ಕೂದಲೆಳೆಯಷ್ಟು ಸರಿಯುತ್ತದೆ, ಒಂದು ಫೋಟೋ. ಮತ್ತಷ್ಟು ಸರಿಯುತ್ತದೆ, ಇನ್ನೊಂದು. ಈ ಚಿತ್ರಕ್ಕೆ ನಿಲ್ಲಿಸುವ ಗುಂಡಿ ಇಲ್ಲ.

ಎದ್ದ ಮೇಲೆ ಮಾತ್ರ ನಾನು ಮನುಷ್ಯರಂತೆ ನಡೆದುಕೊಂಡೆ ಎಂದು ಹೇಳಿಕೊಳ್ಳಬಹುದು. ಕಿಟಕಿ ತೆರೆಯಲು ಹೋದರೆ ನನ್ನದೇ ಮೈದಾ ಅಂಟು ಬಿಡಲೊಲ್ಲದು. ಮೊಣಕೈಯಿಂದ ಗುದ್ದಿ ಪೇಪರು ಹರಿದೆ. ಬುಟ್ಟಿಯನ್ನು ಕಾಲಿನಿಂದ ಹೊರಗೆ ಒದ್ದೆ. ಮಾವನವರನ್ನು ಎತ್ತಿಕೊಂಡು ಅಂಗಳಕ್ಕೆ ಬಂದರೆ ಅತ್ತಿಯವರು ಹಿಂದೆಯೇ, ಈಗ ಬಾಗಿಲಿಗಲ್ಲ ನನಗೇ, "ಲಗೂ ಮಾಡ್ರಿ, ನಿಮ್ಮ ಕಾಲಿಗೆ ಬೀಳತೇನಿ, ಲಗೂ ಮಾಡ್ರಿ" ಎನ್ನುತ್ತಿದ್ದರು. ಓಣಿಯ ತುದಿಯಲ್ಲಿ ಆಟೋ ಸಿಕ್ಕಿತು. ಮಾವನವರ ಟವೆಲ್ ಇಬ್ಬರ ಮಡಿಲ ಮೇಲೆ ಬಿದ್ದಿತ್ತು. ಅದರ ಕೆಳಗೆ ಅವರ ಕೈ ತಡಕಾಡಿ ನನ್ನ ಬೆರಳುಗಳಲ್ಲಿ ಒಂದನ್ನು ಹಿಡಿಯಿತು. ಯಾವುದನ್ನು? ಬಲಗೈ ಹೆಬ್ಬೆರಳನ್ನು. ಆಸ್ಪತ್ರೆ ಮುಟ್ಟುವವರೆಗೂ ಬಿಡಲಿಲ್ಲ. ಬಿಟ್ಟು ಬಿಟ್ಟು ಒತ್ತುತ್ತಿದ್ದರು. ಇವರು ನೋಡಿದ್ದಾರೆ, ಟವೆಲ್ ಕೆಳಗೆ ಇದೇ ಬೆರಳಲ್ಲವೇ ಎಂದು ಕೇಳುತ್ತಿದ್ದಾರೆ ಎನಿಸಿ ನನಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರು, ಮುಖಕ್ಕೆ ಔಷಧದ ಹೊಗೆ ಬರುವ ಮುಖವಾಡ ಹಾಕಿದರು. ಉದ್ದನೆಯ ಕೊಳವೆ, ಗುಂಡನೆಯ ಬಾಯಿ, ಅಂಚಿನಿಂದ ಬಿಳಿ ಹೊಗೆ. ಇನ್ನೊಂದು ದಿನವಾಗಿದ್ದರೆ ಅದನ್ನು 'ತಿಳಿಯಂಗಿಲ್ಲ 7' ಎನ್ನುತ್ತಿದ್ದೆ. ಡಾಕ್ಟರು, "ಇನ್ನ ಹತ್ತು ನಿಮಿಷ ತಡಾ ಆಗಿದ್ರ ಕಷ್ಟ ಇತ್ತು" ಎಂದರು. ನಾನು ಹತ್ತು ನಿಮಿಷದಲ್ಲಿ ಎಷ್ಟು ಸೆಕೆಂಡು, ಅದರಲ್ಲಿ ಮೂರು ಹೋದರೆ ಎಷ್ಟು ಎಂದು ಲೆಕ್ಕ ಹಾಕುತ್ತ ಬೆಂಚಿನ ಮೇಲೆ ಕುಳಿತೆ. ಶಾಲೆಯಿಂದ ಓಡಿಬಂದ ಗಿರಿಜಾ ತಾಯಿಯನ್ನು ನೋಡಿದಳು. "ಅವ್ವಾ, ಎಷ್ಟು ಹಾಕಿದ್ದಿ?" ಅತ್ತಿಯವರು ಎರಡೂ ಕೈ ಸೇರಿಸಿ ಬೊಗಸೆ ತೋರಿಸಿದರು. ಖಾಲಿ ಬೊಗಸೆ. ಹಾಗೆಯೇ ಹಿಡಿದುಕೊಂಡು ಅಳತೊಡಗಿದರು. ಗಿರಿಜಾ ಬೈಯಬೇಕೆಂದು ಬಾಯಿ ತೆರೆದವಳು ಆ ಬೊಗಸೆಯನ್ನೇ ತನ್ನ ಕೈಯೊಳಗೆ ಹಿಡಿದು ಕುಳಿತಳು.

ನಾಲ್ಕು ಗಂಟೆಯ ಹೊತ್ತಿಗೆ ಪೀಪಿಯ ಸದ್ದು ಮರಳಿ ಬಂತು. ಅಷ್ಟು ಇಂಪಾದ ವಾದ್ಯವನ್ನು ನಾನು ಕೇಳಿಲ್ಲ. ಮಾವನವರು ಮುಖವಾಡ ಸರಿಸಿ ನನ್ನನ್ನು ಸನ್ನೆಯಿಂದ ಕರೆದರು. ತಪ್ಪೊಪ್ಪಿಗೆಯನ್ನು ಸಿದ್ಧಮಾಡಿಕೊಂಡೇ ಹೋದೆ.

"ಮಾವ, ಆಟೋದಾಗ ನೀವು ನನ್ನ ಹೆಬ್ಬಟ್ಟು..."

"ಅದ ಹೆಬ್ಬಟ್ಟೇನು?" ಎಂದರು ದಣಿದ ದನಿಯಲ್ಲಿ. "ಏನ್ ಸಿಗತೈತೋ ಅದನ್ನ ಹಿಡದಿದ್ದೆ. ಕಿವಿ ಸಿಕ್ಕಿದ್ರ ಕಿವಿ ಹಿಡೀತಿದ್ದೆ." ಸ್ವಲ್ಪ ಉಸಿರು ತೆಗೆದುಕೊಂಡರು. "ಅದಿರ್ಲಿ. ಬರುವಾಗ ಚಿತ್ರ ನಿಲ್ಲಿಸಿ ಬಂದಿಯಿಲ್ಲೋ?"

"...ನಿಲ್ಲಿಸೇನ್ರಿ."

"ಶಾಣ್ಯಾ" ಎಂದರು. "ನನಗ ಅದ ಚಿಂತಿ ಹತ್ತಿತ್ತು. ಗುಡ್ಡ ನಮ್ಮನ್ನ ಬಿಟ್ಟು ಮುಂದ ಹೋಗಿಬಿಟ್ಟಿತೇನು ಅಂತ." ಮದುವೆಯಾದಂದಿನಿಂದ ನನ್ನನ್ನು "ರಿ" ಹಚ್ಚಿ ಮಾತಾಡಿಸುತ್ತಿದ್ದ ಮನುಷ್ಯ ಮೊದಲ ಸಲ ಏಕವಚನಕ್ಕೆ ಇಳಿದಿದ್ದರು, ಮಗನಿಗೆ ಅನ್ನುವ ಹಾಗೆ. ನಾನು ಒಪ್ಪಿಸಬೇಕೆಂದಿದ್ದ ತಪ್ಪಿಗೆ ಶಾಭಾಸ್ ಸಿಕ್ಕಿತು. ಸುಮ್ಮನೆ ಈಸಿಕೊಂಡೆ. ಇದು ನನ್ನ ಇನ್ನೊಂದು ಅಪರಾಧ.

ಮೂರು ದಿನ ಬಿಟ್ಟು ಮನೆಗೆ ಬಂದೆವು. ನಾವು ಆಸ್ಪತ್ರೆಗೆ ಹೊರಟ ಕಾಲು ತಾಸಿಗೇ, ಎಂದಿನ ಹಾಗೆ ಹನ್ನೆರಡಕ್ಕೆ ಕರೆಂಟ್ ಹೋಗಿತ್ತಂತೆ, ಶಾಂತವ್ವ ಹೇಳಿದಳು. ಅಂದರೆ ನಾನು ನಿಲ್ಲಿಸಿದ ಚಿತ್ರ ನಿಂತಲ್ಲಿ ನಿಂತಿರಲೇ ಇಲ್ಲ. ಮೊದಲಿನಿಂದ ಹಾಕಬೇಕಾಯಿತು. ಆ ಮೂರು ಸೆಕೆಂಡಿನಿಂದ ಜಗತ್ತಿನಲ್ಲಿ ಯಾರಿಗೂ ಯಾವ ಉಪಯೋಗವೂ ಆಗಿರಲಿಲ್ಲ. ಈ ಸಲ ಕಿಟಕಿಗಳು ಪೂರ್ತಿ ತೆರೆದಿದ್ದವು, ಪರದೆಯ ಮೇಲೆ ಅರ್ಧ ಗುಡ್ಡ, ಅರ್ಧ ಓಣಿಯ ಬಿಸಿಲು. ಅತ್ತಿಯವರು ಬಾಗಿಲಿಗೆ ಒರಗಿ ನಿಂತಿದ್ದರು. ಮಾವನವರು ಪಕ್ಕದ ಕುರ್ಚಿ ತಟ್ಟಿ, "ಬಾ, ನೀನೂ ಕುಂಡ್ರು. ಇಲ್ಲಂದ್ರ ಮತ್ತ ಏನರ ಸುಡತಿ" ಎಂದರು. ಅವರು ಬಂದು ಕುಳಿತರು. ಗಂಡನ ಎದೆಯ ಸದ್ದಿಗೆ ಒಂದು ಕಿವಿ ಕೊಟ್ಟು, ಒಂದು ಕಣ್ಣಿನಿಂದ ಚಿತ್ರ ನೋಡಿದರು.

ಗುಡ್ಡಕ್ಕೆ ಬೂಟು ಸಿಗುತ್ತದೆ. ಸಿಕ್ಕರೆ, ಅದರೊಳಗೆ ಒಂದು ಸಂಸಾರ ಬಂದು ಸೇರಿದೆ. ಬೂಟಿನ ತೂತಿನಿಂದ ಒಲೆಯ ಹೊಗೆ, ದಾರದ ಮೇಲೆ ಒಣಹಾಕಿದ ಅಂಗಿ. ಗುಡ್ಡ ಎತ್ತಿದ ಕಾಲನ್ನು ಹಾಗೆಯೇ ಹಿಡಿದು ನಿಲ್ಲುತ್ತದೆ. ಆಮೇಲೆ ಇನ್ನೊಂದು ಕಾಲಿನ ಬೂಟನ್ನೂ ಬಿಚ್ಚಿ, ಅದರ ಪಕ್ಕದಲ್ಲಿ ಮೆಲ್ಲಗೆ ಇಟ್ಟು, ಬರಿಗಾಲಲ್ಲಿ, ತಲೆಯ ಮೇಲಿನ ಕುರಿಗಳು ಬೀಳದಂತೆ ನಡೆದುಕೊಂಡು ಹೋಗುತ್ತದೆ. ಆಮೇಲೆ ಅತ್ತಿಯವರು ಮೂಗು ಏರಿಸಿ, "ಇಷ್ಟ ಛಲೋ ಗುಡ್ಡ. ಯಾರದರ ದೃಷ್ಟಿ ತಾಗತೈತಿ" ಎಂದರು. ನಾನು, ಮಾವನವರು, ಹೊಸ್ತಿಲಲ್ಲಿ ಬಂದು ನಿಂತಿದ್ದ ಗಿರಿಜಾ, ಮೂವರೂ ಬೆಚ್ಚಿಬಿದ್ದು ಅವರ ಕೈ ನೋಡಿದೆವು. ಖಾಲಿ ಇತ್ತು.

ಇದೆಲ್ಲ ಆಗಿ ಈಗ ಕೆಲವು ಕಾಲವಾಯಿತು. ಮಾವನವರು ಬ್ಯಾಡಗಿಯಿಂದ ಫೋನು ಮಾಡಿ, "ರಫೀಕ ಹೊಸಾದು ಏನರ ಬರದಾನೇನು ನೋಡು" ಎನ್ನುತ್ತಾರೆ. ನಾನು ಮಾತ್ರ ಹೆಬ್ಬೆರಳಿಗೆ ಬುದ್ಧಿ ಕಲಿಸುವ ಶಪಥ ಮಾಡಿದ್ದೆ. ಮುಂದೆ ಎಂದಾದರೂ ಮನೆಯಲ್ಲಿ ಕೂಗು ಕೇಳಿದರೆ ಮೊದಲು ಕಾಲು, ಆಮೇಲೆ ಬೆರಳು. ಕಳೆದ ವಾರ ಪರೀಕ್ಷೆ ಬಂದೇ ಬಂತು. ನಾನು 'ತಿಳಿಯಂಗಿಲ್ಲ 6' ನೋಡುತ್ತಿದ್ದೆ, ಅದರಲ್ಲಿ ಮಾತಿಲ್ಲ, ಮೊದಲಿಂದ ಕೊನೆಯವರೆಗೆ ಒಂದು ಪಿಟೀಲು ಮಾತ್ರ. ಅಡುಗೆಮನೆಯಿಂದ ಒಗ್ಗರಣೆಯ ಘಾಟು ಬಂತು, ಹಿಂದೆಯೇ ಗಿರಿಜಾಳ ಕೆಮ್ಮು, ಏನೋ ಬಿದ್ದ ಸದ್ದು. ನಾನು ಒಂದೇ ನೆಗೆತಕ್ಕೆ ಅಡುಗೆಮನೆಯಲ್ಲಿದ್ದೆ. ಅವಳು ಕಣ್ಣೊರೆಸಿಕೊಳ್ಳುತ್ತ, ಬಿದ್ದ ಮುಚ್ಚಳ ಎತ್ತುತ್ತ, "ಏನೂ ಆಗಿಲ್ರಿ, ಸಾಸವಿ ಸಿಡೀತು. ಇಷ್ಟ ಲಗೂ ಓಡಿ ಬಂದ್ರಿ!" ಎಂದು ಆಶ್ಚರ್ಯದಿಂದ, ಸ್ವಲ್ಪ ಪ್ರೀತಿಯಿಂದ ನನ್ನನ್ನು ನೋಡಿದಳು. ನನಗೆ ಎದೆ ಉಬ್ಬಿತು. ಕೊನೆಗೂ ಗೆದ್ದೆ ಎಂದುಕೊಂಡೆ. ಅವಳ ನೋಟ ಮೆಲ್ಲಗೆ ನನ್ನ ಮುಖದಿಂದ ಕೈಗೆ ಇಳಿಯಿತು. ನಾನೂ ನೋಡಿಕೊಂಡೆ. ಕೈಯಲ್ಲಿ ರಿಮೋಟ್ ಇತ್ತು. ಕೋಣೆಯ ಕಡೆ ಕಿವಿಗೊಟ್ಟೆ. ಪಿಟೀಲು ನಿಂತಿತ್ತು.